ಖಜಾನೆ ತುಂಬಿಸಿದ ದಿವಾನರಿಗೆ ಪೇಟೆ ಕಲಿಸಿದ ಪಾಠ

ತುಮಕೂರಿನಿಂದ ಬೆಳಗಿನ ಬಸ್ಸು ಹಿಡಿದು ಬೆಂಗಳೂರಿಗೆ ಹೋಗುವವರು ಮೆಜೆಸ್ಟಿಕ್‌ನಲ್ಲಿ ಇಳಿಯುತ್ತಾರೆ. ಇಳಿದು ಕಾಲಿಟ್ಟ ಜಾಗ ಒಂದಾನೊಂದು ಕಾಲದ ಕೆರೆಯ ಅಂಗಳ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಕೆರೆಯ ಹೆಸರು ಧರ್ಮಾಂಬುಧಿ. ಪೇಟೆಯ ಜನಕ್ಕೆ ನೀರು ಕೊಟ್ಟ ಕೆರೆ. ರೈಲಿನಲ್ಲಿ ಹೋಗುವವರು ಸೋಲದೇವನಹಳ್ಳಿ ಸ್ಟೇಷನ್ ದಾಟುತ್ತಾರೆ. ಧರ್ಮಾಂಬುಧಿ ಬತ್ತಿ ಮೈದಾನವಾಗಿ, ಮೈದಾನ ಬಸ್ ಸ್ಟ್ಯಾಂಡ್ ಆದದ್ದಕ್ಕೂ ಈ ಸೋಲದೇವನಹಳ್ಳಿಗೂ ಒಂದು ಸಂಬಂಧ ಇದೆ. ನಡುವೆ ನಿಂತವರು ಒಬ್ಬ ದಿವಾನರು. ಮೆಜೆಸ್ಟಿಕ್‌ನಿಂದ ನಡೆದು ಹೋಗುವಷ್ಟು ದೂರದಲ್ಲೇ ಅವರ ಹೆಸರಿನ ಶೇಷಾದ್ರಿಪುರ ಇದೆ, ಶೇಷಾದ್ರಿ ರಸ್ತೆಯೂ ಇದೆ.

ಸರ್ ಕೆ. ಶೇಷಾದ್ರಿ ಅಯ್ಯರ್ ಮೈಸೂರು ಸಂಸ್ಥಾನವನ್ನು 18 ವರ್ಷ ಆಳಿದವರು. ಅಷ್ಟು ದೀರ್ಘ ಕಾಲ ದಿವಾನಗಿರಿ ಮಾಡಿದವರು ಆಮೇಲೆ ಇನ್ನೊಬ್ಬರಿಲ್ಲ. ಶಿವನಸಮುದ್ರದ ಕರೆಂಟು, ಮಾರಿಕಣಿವೆ ಜಲಾಶಯ ಅಂದರೆ ಅವರ ಹೆಸರು ತಾನಾಗಿ ಬರುತ್ತದೆ. ಆದರೆ ಊರು ಕಟ್ಟುವ ವಿಷಯದಲ್ಲಿ, ಅಂದರೆ ಯಾವ ಜಾಗದಲ್ಲಿ ಏನಿರಬೇಕು, ಮನೆ ಹೇಗಿರಬೇಕು, ಅದಕ್ಕೆ ಸರ್ಕಾರದ ಲೆಕ್ಕದಲ್ಲಿ ಎಷ್ಟು ದುಡ್ಡು ಇಡಬೇಕು ಅನ್ನುವ ವಿಷಯದಲ್ಲಿ, ಅವರ ಕಥೆಯನ್ನು ಹೇಳುವವರು ಕಡಿಮೆ. ಆ ಕಥೆಯಲ್ಲಿ ಜಾಣತನವೂ ಇದೆ, ತಡವಾಗಿ ಬಂದ ಬುದ್ಧಿಯೂ ಇದೆ.

ಕಲ್ಲಿಕೋಟೆಯಿಂದ ಬಂದ ಗುಮಾಸ್ತ

ಶೇಷಾದ್ರಿ ಅಯ್ಯರ್ ಹುಟ್ಟಿದ್ದು 1845ರ ಜೂನ್ 1ರಂದು, ಪಾಲ್ಘಾಟ್ ಹತ್ತಿರದ ಕುಮಾರಪುರದಲ್ಲಿ. ತಂದೆ ಕಲ್ಲಿಕೋಟೆಯಲ್ಲಿ ವಕೀಲರು. ಮಗ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಕಲ್ಲಿಕೋಟೆಯ ಕಲೆಕ್ಟರ್ ಕಚೇರಿಯಲ್ಲಿ ಭಾಷಾಂತರದ ಕೆಲಸಕ್ಕೆ ಸೇರಿದರು. 1868ರಲ್ಲಿ ರಂಗಾಚಾರ್ಲು ಅವರ ಕಣ್ಣಿಗೆ ಬಿದ್ದು ಮೈಸೂರಿಗೆ ಬಂದರು. ಅಷ್ಟಗ್ರಾಮ ವಿಭಾಗದಲ್ಲಿ ನ್ಯಾಯ ಶಿರಸ್ತೇದಾರಿಕೆ ಸಿಕ್ಕಿತು. ಕೆಲಸ ಮಾಡುತ್ತಲೇ 1874ರಲ್ಲಿ ಕಾನೂನು ಪದವಿಯನ್ನೂ ಪಡೆದರು.

ಆಮೇಲೆ ನಮ್ಮ ತುಮಕೂರು ಜಿಲ್ಲೆಗೆ ಡೆಪ್ಯೂಟಿ ಕಮಿಷನರ್ ಆಗಿ ಬಂದರು. ಬರ ಮುಗಿದ ಹೊಸತು. 1876ರಿಂದ 78ರವರೆಗಿನ ಆ ದೊಡ್ಡ ಬರಗಾಲದಲ್ಲಿ ಸಂಸ್ಥಾನ ಹಾಳು ಸುರಿಯುತ್ತಿತ್ತು. 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಗೆ 42 ಲಕ್ಷಕ್ಕೆ ಇಳಿದಿತ್ತು. ಬತ್ತಿದ ಕೆರೆ, ಪಾಳು ಬಿದ್ದ ಹೊಲ, ಕಂದಾಯ ಕಟ್ಟಲಾಗದ ರೈತರು, ಇದು ಬರ ಬಿಟ್ಟು ಹೋದ ಆಸ್ತಿ. ಆ ದಿನಗಳಲ್ಲಿ ಜಿಲ್ಲೆಯ ಆಡಳಿತ ನೋಡಿದ ಅಧಿಕಾರಿಗೆ ಮುಂದೆ ದಿವಾನಗಿರಿ ಬಂದಾಗ ಖಜಾನೆಯ ಬೀಗದ ಕೈ ಬಿಗಿಯಾಗಿಯೇ ಇತ್ತು.

1881ರ ಮಾರ್ಚ್ 25ರಂದು ಬ್ರಿಟಿಷರು ಸಂಸ್ಥಾನವನ್ನು ಒಡೆಯರಿಗೆ ಹಿಂದಿರುಗಿಸಿದರು. ರಂಗಾಚಾರ್ಲು ದಿವಾನರಾದರು. ಎರಡೇ ವರ್ಷಕ್ಕೆ, 1883ರ ಜನವರಿಯಲ್ಲಿ, ಅವರು ತೀರಿಕೊಂಡರು. ಆ ಗಾದಿಗೆ ಬಂದವರು 37 ವರ್ಷದ ಶೇಷಾದ್ರಿ ಅಯ್ಯರ್.

ಸಾಲದ ಗಂಟು

ಅಂಗಡಿ ಇಟ್ಟವರಿಗೆ ಆ ದಿನದ ಲೆಕ್ಕ ಬೇಗ ಅರ್ಥವಾಗುತ್ತದೆ. ವರ್ಷದ ಹುಟ್ಟುವಳಿ ಸುಮಾರು 1 ಕೋಟಿ ರೂಪಾಯಿ. ಬರದ ಕಾಲದಲ್ಲಿ ಭಾರತ ಸರ್ಕಾರದಿಂದ ತಂದ ಸಾಲ 80 ಲಕ್ಷ. ಇದಲ್ಲದೆ ಪ್ರತಿ ವರ್ಷ ಬ್ರಿಟಿಷರಿಗೆ ಪೊಗದಿ ಎಂದು ಕಟ್ಟಬೇಕಾದ್ದು 24 ಲಕ್ಷ 50 ಸಾವಿರ. ಅದನ್ನು 35 ಲಕ್ಷಕ್ಕೆ ಏರಿಸುವ ಮಾತು ಬೇರೆ ತಲೆಯ ಮೇಲೆ ತೂಗುತ್ತಿತ್ತು. ಕೊನೆಗೆ 1896ರಿಂದ ಏರಿಸಿಯೇ ಬಿಟ್ಟರು.

ಇಂಥ ಸ್ಥಿತಿಯಲ್ಲಿ ದಿವಾನರು ಹಿಡಿದ ದಾರಿ ನೇರವಾಗಿತ್ತು. ಹಾಕಿದ ದುಡ್ಡು ವಾಪಸು ಬರುವ ಕೆಲಸ ಮೊದಲು. ಕೆರೆ ಕಾಲುವೆ ರಿಪೇರಿಯಾದರೆ ಕಂದಾಯ ಬರುತ್ತದೆ. ರೈಲು ಹಾಕಿದರೆ ಸರಕು ಓಡಾಡುತ್ತದೆ, ಬರ ಬಂದರೆ ಧಾನ್ಯ ತರಿಸಬಹುದು. ಬೆಂಗಳೂರಿನಿಂದ ತುಮಕೂರು, ಗುಬ್ಬಿಗೆ 1884ರಲ್ಲಿ ರೈಲು ಬಂತು. 1889ಕ್ಕೆ ಅದೇ ಹಾದಿ ಹರಿಹರ ಮುಟ್ಟಿ ಹುಬ್ಬಳ್ಳಿ, ಪುಣೆ ಕಡೆಗೆ ಕೂಡಿಕೊಂಡಿತು. ಕೋಲಾರದಲ್ಲಿ ಚಿನ್ನದ ಗಣಿ ಕಂಪನಿಗಳು ಕೊಡುವ ರಾಜಧನ ಖಜಾನೆಗೆ ದೊಡ್ಡ ಆಸರೆಯಾಯಿತು. 1890ರ ದಶಕದ ನಡುವೆ ವರ್ಷದ ಹುಟ್ಟುವಳಿ ಒಂದೂಮುಕ್ಕಾಲು ಕೋಟಿಯ ಆಸುಪಾಸಿಗೆ ಬಂದಿತ್ತು. ಸಾಲಗಾರ ಸಂಸ್ಥಾನ ಉಳಿತಾಯದ ಸಂಸ್ಥಾನವಾಯಿತು.

ಈ ಲೆಕ್ಕವನ್ನು ಜನಕ್ಕೆ ಹೇಳುವ ಕ್ರಮವೂ ಇತ್ತು. ಪ್ರತಿ ದಸರಾದಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರುತ್ತಿತ್ತು. ದಿವಾನರು ಎದ್ದು ನಿಂತು ವರ್ಷದ ಜಮಾ ಖರ್ಚು, ಮುಂದಿನ ಕೆಲಸ ಎಲ್ಲ ಓದುತ್ತಿದ್ದರು. 1891ರಿಂದ ಆ ಸಭೆಗೆ ಚುನಾವಣೆಯೂ ಬಂತು, ಆಸ್ತಿವಂತರಿಗೆ ಮಾತ್ರ ಓಟು. ಪ್ರತಿನಿಧಿಗಳು ತಮ್ಮೂರಿನ ರಸ್ತೆ, ಬಾವಿ, ಸೇತುವೆಯ ಅರ್ಜಿ ಮಂಡಿಸಬಹುದಿತ್ತು. ಆದರೆ ಈ ಬಾಬಿಗೆ ದುಡ್ಡು ಜಾಸ್ತಿ ಇಡಿ, ಆ ಬಾಬಿಗೆ ಕಡಿಮೆ ಮಾಡಿ ಅಂತ ಮತ ಹಾಕುವ ಹಕ್ಕು ಇರಲಿಲ್ಲ. ಆಯವ್ಯಯವನ್ನು ಚರ್ಚಿಸುವ ಹಕ್ಕು ಆ ಸಭೆಗೆ ಕಾನೂನಿನ ಪ್ರಕಾರ ಸಿಕ್ಕಿದ್ದು 1923ರಲ್ಲಿ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವ ತೀರ್ಮಾನ ದಿವಾನ್ ಕಚೇರಿಯಲ್ಲೇ ಆಗುತ್ತಿತ್ತು.

ಲಾಭ ತರುವ ಕೆಲಸ ಮೊದಲು ಅನ್ನುವ ನಿಯಮಕ್ಕೆ ಒಂದು ಕುಂದು ಇದೆ. ಚರಂಡಿಯಿಂದ ಕಾಸು ಹುಟ್ಟುವುದಿಲ್ಲ. ಇಕ್ಕಟ್ಟಿನ ಓಣಿಯನ್ನು ಎರಡು ಮಾರು ಅಗಲ ಮಾಡಿದರೆ ಸರ್ಕಾರಕ್ಕೆ ಬರುವುದು ತಂಟೆ, ಪರಿಹಾರದ ಖರ್ಚು. ಮುನಿಸಿಪಾಲಿಟಿಗಳ ಕೈಯಲ್ಲೋ ಮನೆ ಕಂದಾಯ, ಊರ ಬಾಗಿಲಿನ ಆಕ್ಟ್ರಾಯ್ ಬಿಟ್ಟರೆ ಹೆಚ್ಚಿನ ಹುಟ್ಟುವಳಿ ಇಲ್ಲ. ಈ ಆಕ್ಟ್ರಾಯ್ ನಮ್ಮ ರಾಜ್ಯದಲ್ಲಿ 1979ರವರೆಗೂ ನಡೆಯಿತು. ಆ ದುಡ್ಡು ಸಂಬಳ, ದೀಪ, ಕಸಕ್ಕೆ ಮುಗಿಯುತ್ತಿತ್ತು. ಹೀಗಾಗಿ ಹಳೇ ಪೇಟೆಗಳು ಇದ್ದ ಹಾಗೇ ಉಳಿದವು.

ಪೈಪಿನ ನೀರು, ಹೊಸ ಬಡಾವಣೆ

ಆ ಕಾಲದ ಬೆಂಗಳೂರು ಎರಡು ಊರು. ದಂಡಿನ ಪ್ರದೇಶ ಬ್ರಿಟಿಷರ ಕೈಯಲ್ಲಿ. ಪೇಟೆ ಮಾತ್ರ ದಿವಾನರ ಅಧೀನ. 1891ರಲ್ಲಿ ಪೇಟೆ ಭಾಗದ ಜನಸಂಖ್ಯೆ 80 ಸಾವಿರ. ದೊಡ್ಡಪೇಟೆ, ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ ಎಲ್ಲವೂ ಒತ್ತೊತ್ತಾಗಿ. ಕೆಳಗೆ ಅಂಗಡಿ, ಹಿಂದೆ ಉಗ್ರಾಣ, ಮೇಲೆ ಸಂಸಾರ. ಗೋಡೆಗೆ ಗೋಡೆ ತಾಗಿದ ಮನೆಗಳು, ಗಾಳಿ ಬೆಳಕಿಲ್ಲದ ಕೋಣೆಗಳು. ಗಾಡಿ ಎದುರಾದರೆ ಒಂದು ಗಾಡಿ ಹಿಂದೆ ಸರಿಯಬೇಕು.

ದಿವಾನರು ಎರಡು ಕೆಲಸಕ್ಕೆ ಕೈ ಹಾಕಿದರು. ಮೊದಲನೆಯದು ನೀರು. ಹೆಸರಘಟ್ಟದ ಹತ್ತಿರ ಅರ್ಕಾವತಿಯ ನೀರನ್ನು ಕೂಡಿಸಿ, ಸೋಲದೇವನಹಳ್ಳಿಗೆ ಹರಿಸಿ, ಅಲ್ಲಿಂದ ಉಗಿ ಯಂತ್ರದಲ್ಲಿ ಪಂಪ್ ಮಾಡಿ ಊರಿಗೆ ತಂದರು. 1890ರ ದಶಕದ ನಡುವಿನಲ್ಲಿ ಚಾಮರಾಜೇಂದ್ರ ಜಲ ಕಾಮಗಾರಿ ಅಂತ ಅದು ಶುರುವಾಯಿತು. ಪೈಪಿನ ನೀರು ನಲ್ಲಿಗೆ ಬಂದ ಮೇಲೆ ಊರೊಳಗಿನ ಕೆರೆಗಳನ್ನು ಕೇಳುವವರು ದಿಕ್ಕಿಲ್ಲದೆ ಹೋದರು. ಕೆರೆ ನೋಡಿಕೊಳ್ಳುವುದಕ್ಕೆ ದುಡ್ಡು ಯಾಕೆ ಇಡಬೇಕು ಅನ್ನುವ ಭಾವನೆ ಬಂತು. ಧರ್ಮಾಂಬುಧಿ ಬತ್ತಿತು, ಕೊನೆಗೆ ಬಸ್ ಸ್ಟ್ಯಾಂಡ್ ಆಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಸ್ಟೇಡಿಯಂ ಎದ್ದಿತು. ಇವೆಲ್ಲ ದಿವಾನರು ಬೇಕೆಂದು ಮಾಡಿದ್ದಲ್ಲ. ಹೆಸರಘಟ್ಟದ ನೀರೂ ಹೆಚ್ಚು ಕಾಲ ಸಾಲಲಿಲ್ಲ, 1933ಕ್ಕೆ ತಿಪ್ಪಗೊಂಡನಹಳ್ಳಿಗೆ ಹೋಗಬೇಕಾಯಿತು. ಹೊಸದಕ್ಕೆ ದುಡ್ಡು ಇಡುವಾಗ ಹಳೆಯದರ ಗತಿ ಏನು ಅನ್ನುವ ಬಾಬನ್ನು ಲೆಕ್ಕದಲ್ಲಿ ಯಾರೂ ಬರೆಯಲಿಲ್ಲ.

ಎರಡನೆಯದು ಹೊಸ ಬಡಾವಣೆ. 1892ರಲ್ಲಿ ಚಾಮರಾಜಪೇಟೆ ಆಯಿತು. ಆಮೇಲೆ ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿಯ ಕೆಲಸ ಹಿಡಿದರು. ಇಲ್ಲಿನ ಕ್ರಮ ಪೇಟೆಯ ಕ್ರಮಕ್ಕೆ ತಿರುಗಾಮುರುಗ. ಪೇಟೆಯಲ್ಲಿ ಮನೆ ಮೊದಲು ಎದ್ದಿತು, ಮಿಕ್ಕ ಸಂದಿಯೇ ರಸ್ತೆಯಾಯಿತು. ಹೊಸ ಬಡಾವಣೆಯಲ್ಲಿ ರಸ್ತೆ ಮೊದಲು ಎಳೆದರು. ಅಡ್ಡಗೆರೆ ಉದ್ದಗೆರೆ ಹಾಕಿ ಚೌಕ ಮಾಡಿ, ಚರಂಡಿಗೆ ಜಾಗ ಬಿಟ್ಟು, ಉದ್ಯಾನಕ್ಕೆ ಜಾಗ ಬಿಟ್ಟು, ಮನೆಗಳ ಬೆನ್ನಿಗೆ ಜಾಡಮಾಲಿಗಳು ಓಡಾಡುವ ಸಣ್ಣ ಓಣಿ ಬಿಟ್ಟು, ಆಮೇಲೆ ಉಳಿದದ್ದನ್ನು ಸೈಟು ಮಾಡಿದರು.

ಇದರ ಹಣದ ಲೆಕ್ಕ ಸರಳ, ಆದರೆ ಕಠಿಣ. ಹತ್ತು ಎಕರೆ ಕೊಂಡರೆ ಅದರಲ್ಲಿ ಮೂರೋ ನಾಲ್ಕೋ ಎಕರೆ ರಸ್ತೆ, ಚರಂಡಿ, ಪಾರ್ಕಿಗೆ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಉಳಿದ ಆರು ಎಕರೆ ಮಾರಿ ಹತ್ತು ಎಕರೆಯ ದುಡ್ಡೂ ಹುಟ್ಟಬೇಕು, ಕೆಲಸದ ಖರ್ಚೂ ಹುಟ್ಟಬೇಕು. ಸೈಟು ಮಾರುವ ಮುಂಚೆಯೇ ರಸ್ತೆ ಆಗಬೇಕಾದ್ದರಿಂದ ಮೊದಲ ಬಂಡವಾಳವನ್ನು ಸರ್ಕಾರವೇ ಹಾಕಬೇಕು. ಖಜಾನೆಯಲ್ಲಿ ಉಳಿತಾಯ ಇದ್ದದ್ದರಿಂದ ಶೇಷಾದ್ರಿ ಅಯ್ಯರ್ ಇದಕ್ಕೆ ಕೈ ಹಾಕಲು ಸಾಧ್ಯವಾಯಿತು. ಸಾಲದಲ್ಲಿ ಮುಳುಗಿದ ಸರ್ಕಾರಕ್ಕೆ ಇಂಥ ಯೋಜನೆ ಬರೀ ಕಾಗದದ ನಕ್ಷೆ.

1898ರ ಆಗಸ್ಟ್

ಬಡಾವಣೆಗಳ ಕೆಲಸ ನಡೆದೇ ಇತ್ತು. ಜನ ಹೋಗಿ ಮನೆ ಕಟ್ಟುವುದಕ್ಕೆ ಆತುರಪಡಲಿಲ್ಲ. ಅಂಗಡಿ ಪೇಟೆಯಲ್ಲಿ, ನೆಂಟರು ಪೇಟೆಯಲ್ಲಿ, ಗುಡಿ ಪೇಟೆಯಲ್ಲಿ. ಹೊಲದ ನಡುವೆ ಹೋಗಿ ಒಂಟಿ ಮನೆ ಯಾರು ಕಟ್ಟುತ್ತಾರೆ?

ಬೊಂಬಾಯಿಯಲ್ಲಿ 1896ರಲ್ಲಿ ಕಾಣಿಸಿಕೊಂಡ ಪ್ಲೇಗು ಹುಬ್ಬಳ್ಳಿಗೆ ಬಂತು. ಹುಬ್ಬಳ್ಳಿಯಿಂದ ರೈಲು ಹತ್ತಿತು. 1898ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಮೊದಲ ಪ್ರಕರಣ. ಹುಬ್ಬಳ್ಳಿ ಕಡೆಯಿಂದ ಬಂದ ರೈಲ್ವೆ ಅಧಿಕಾರಿಯೊಬ್ಬರ ಆಳಿಗೆ ಅದು ತಗುಲಿತ್ತು. ದಿವಾನರು ಕಾಳಜಿಯಿಂದ ಹಾಕಿಸಿದ ಹಳಿಯ ಮೇಲೆಯೇ, ತುಮಕೂರು ಸ್ಟೇಷನ್ ದಾಟಿಕೊಂಡೇ, ಮಾರಿ ರಾಜಧಾನಿಗೆ ನಡೆದು ಬಂದಂತಾಯಿತು.

ಇಲಿ ಮತ್ತು ಅದರ ಮೈಮೇಲಿನ ಚಿಗಟದಿಂದ ಪ್ಲೇಗು ಹರಡುತ್ತದೆ ಅನ್ನುವ ಮಾತನ್ನು ಆಗ ವೈದ್ಯರೇ ಪೂರ್ತಿ ಒಪ್ಪಿರಲಿಲ್ಲ. ಕತ್ತಲೆ ಮನೆ, ಕೊಳಕು, ಕೆಟ್ಟ ಗಾಳಿಯೇ ಕಾರಣ ಅಂತ ನಂಬಿಕೆ. ಆದರೆ ಧಾನ್ಯದ ಮಂಡಿ, ಒತ್ತೊತ್ತು ಮನೆ, ಮಣ್ಣಿನ ಗೋಡೆ ಇರುವಲ್ಲಿ ಇಲಿಯೂ ಜಾಸ್ತಿ. ಹೀಗಾಗಿ ಏಟು ಬಿದ್ದದ್ದು ಪೇಟೆಗೇ. ಜನ ಊರು ಬಿಟ್ಟು ಓಡಿದರು. ಅಂಗಡಿ ಬಾಗಿಲು ಹಾಕಿತು. ಪಿಡುಗು ಸಂಸ್ಥಾನದ ಬೇರೆ ಜಿಲ್ಲೆಗಳಿಗೂ ಹಬ್ಬಿತು. ಊರಾಚೆ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಜನ ತಿಂಗಳುಗಟ್ಟಲೆ ಕಳೆದರು. ಪ್ಲೇಗಮ್ಮನ ಗುಡಿಗಳು ಎದ್ದದ್ದು ಆಗಲೇ.

ಅದುವರೆಗೆ ಕಟ್ಟಡದ ನಿಯಮ ಅಂದರೆ ಗಮನ ಕೊಡದಿದ್ದ ಸರ್ಕಾರ ಈಗ ಮನೆಯೊಳಕ್ಕೇ ನುಗ್ಗಿತು. ಪ್ಲೇಗ್ ಕಮಿಷನರ್ ಆಗಿ ವಿ.ಪಿ. ಮಾಧವರಾಯರು ನೇಮಕವಾದರು. ಮನೆ ಖಾಲಿ ಮಾಡಿಸಿದರು. ಹೆಂಚು ತೆಗೆಸಿ ಬಿಸಿಲು ಬೀಳಿಸಿದರು. ಸುಣ್ಣ ಹೊಡೆಸಿದರು. ಕಿಟಕಿ ಇಡಿಸಿದರು. ವಾಸಕ್ಕೆ ಲಾಯಕ್ಕಿಲ್ಲ ಅನಿಸಿದ ಮನೆಗಳನ್ನು ಕೆಡವಿಸಿದರು. ರೈಲಿನಲ್ಲಿ ಬಂದವರನ್ನು ತಡೆದು ಪರೀಕ್ಷೆ. ಕಾಯಿಲೆಯವರನ್ನು ಶಿಬಿರಕ್ಕೆ ಎಳೆದುಕೊಂಡು ಹೋಗುವುದು ಜನಕ್ಕೆ ಸಾವಿಗಿಂತ ಹೆಚ್ಚಿನ ಹೆದರಿಕೆಯಾಯಿತು. ಶ್ರೀರಂಗಪಟ್ಟಣದ ಹತ್ತಿರದ ಗಂಜಾಂನಲ್ಲಿ ಜನ ಸಿಡಿದೆದ್ದು ಗಲಭೆಯೇ ಆಯಿತು.

ಖರ್ಚಿಗೆ ಮಿತಿ ಇರಲಿಲ್ಲ. ಶಿಬಿರ, ಆಸ್ಪತ್ರೆ, ಪಹರೆ, ಔಷಧಿ, ಕೆಡವಿದ ಮನೆಗೆ ಪರಿಹಾರ. ಪೇಟೆಯ ವ್ಯಾಪಾರ ನಿಂತರೆ ಮುನಿಸಿಪಾಲಿಟಿಯ ಹುಟ್ಟುವಳಿಯೂ ನಿಂತ ಹಾಗೆ. ಚರಂಡಿಗೆ, ಓಣಿಗೆ ಹತ್ತು ವರ್ಷ ಮುಂಚೆ ಇಟ್ಟಿದ್ದರೆ ಸ್ವಲ್ಪದರಲ್ಲಿ ಮುಗಿಯುತ್ತಿದ್ದ ಬಾಬು ಈಗ ಮನೆ ಬಾಗಿಲು ಬಡಿದು ವಸೂಲಿಗೆ ನಿಂತಿತ್ತು. 1901ರ ಗಣತಿಯಲ್ಲಿ ಪೇಟೆ ಭಾಗದ ಜನಸಂಖ್ಯೆ 69 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಊರು 11 ಸಾವಿರ ಕುಗ್ಗಿತ್ತು. ಸತ್ತವರೂ ಇದ್ದರು, ಬಿಟ್ಟು ಹೋದವರೂ ಇದ್ದರು.

ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ

ಆಗ ಉಪಯೋಗಕ್ಕೆ ಬಂದದ್ದು ಮೊದಲೇ ಗೆರೆ ಎಳೆದಿಟ್ಟಿದ್ದ ಬಡಾವಣೆಗಳು. ಅದುವರೆಗೂ ಹಿಂದೇಟು ಹಾಕಿದ್ದವರು ಮಲ್ಲೇಶ್ವರ, ಬಸವನಗುಡಿಯ ಸೈಟಿಗೆ ಮುಗಿಬಿದ್ದರು. ಪ್ಲೇಗು ಬಂದ ಮೇಲೆ ಜಾಗ ಹುಡುಕಲು ಹೊರಟಿದ್ದರೆ ಆ ಗಾಬರಿಯಲ್ಲಿ ಇನ್ನೊಂದು ಇಕ್ಕಟ್ಟಿನ ಪೇಟೆಯೇ ಎದ್ದೇಳುತ್ತಿತ್ತು. ಈ ವಿಷಯದಲ್ಲಿ ದಿವಾನರ ಮುಂದಾಲೋಚನೆಗೆ ಮೆಚ್ಚುಗೆ ಸಲ್ಲಲೇಬೇಕು. ಆ ರಸ್ತೆಗಳು ನೂರು ವರ್ಷದ ಮೇಲೂ ಬಸ್ಸು, ಲಾರಿ, ಕಾರಿನ ಭಾರ ಹೊತ್ತವು.

ಆದರೆ ಅಲ್ಲಿಗೆ ಹೋದವರು ಯಾರು? ಸರ್ಕಾರಿ ನೌಕರರು, ವಕೀಲರು, ಮೇಷ್ಟರುಗಳು, ಅನುಕೂಲವಂತ ವರ್ತಕರು. ಬ್ಲಾಕುಗಳನ್ನು ಜಾತಿವಾರು ಹಂಚಿದ್ದೂ ಉಂಟು. ನೇಕಾರ, ಹಮಾಲಿ, ಗಾಡಿಯವ, ಬಾಡಿಗೆ ಕೋಣೆಯ ಬಡವ ಪೇಟೆಯಲ್ಲೇ ಉಳಿದ. ಅವನ ಪಾಲಿಗೆ ಸರ್ಕಾರದ ನಗರ ಯೋಜನೆ ಬಂದದ್ದು ಹೆಂಚು ಕೀಳುವ ರೂಪದಲ್ಲಿ. ಬಡಾವಣೆಗೆ ಹೋದ ಜಮೀನೂ ಯಾರದೋ ಹೊಲವಾಗಿತ್ತು. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ನಿಂತರೆ ಅಲ್ಲಿ ಒಂದು ಕಾಲಕ್ಕೆ ಏನು ಬೆಳೆಯುತ್ತಿತ್ತು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ದಿವಾನರ ಮೇಲೆ ಬೇರೆ ದೂರುಗಳೂ ಇದ್ದವು. ಮದರಾಸಿನವರನ್ನೇ ತಂದು ದೊಡ್ಡ ಕುರ್ಚಿಗಳಲ್ಲಿ ಕೂರಿಸಿದರು ಅನ್ನುವ ಮಾತು ಮೈಸೂರಿಗರಲ್ಲಿ ಕೊನೆಯವರೆಗೂ ಹೋಗಲಿಲ್ಲ. ಅಧಿಕಾರವೆಲ್ಲ ಒಬ್ಬರ ಕೈಯಲ್ಲೇ ಸೇರಿಕೊಂಡಿತು ಅನ್ನುವ ಅಸಮಾಧಾನವೂ ಇತ್ತು. 1894ರ ಕೊನೆಯಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡು, ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾದಾಗ ದಿವಾನರ ಹೊಣೆ ಇನ್ನೂ ಹೆಚ್ಚಾಯಿತು. ಅರಮನೆ 1897ರಲ್ಲಿ ಸುಟ್ಟಿತು, ಮರುವರ್ಷ ಪ್ಲೇಗು. ಅದರ ನಡುವೆಯೇ ಶಿವನಸಮುದ್ರದ ವಿದ್ಯುತ್ ಯೋಜನೆಗೆ ಕೈ ಹಾಕಿದರು.

ಆರೋಗ್ಯ ಕೆಟ್ಟು 1901ರ ಮಾರ್ಚ್‌ನಲ್ಲಿ ಕೆಲಸ ಬಿಟ್ಟರು. ಅದೇ ವರ್ಷ ಸೆಪ್ಟೆಂಬರ್ 13ರಂದು ತೀರಿಕೊಂಡರು. ಆಗ 56 ವರ್ಷ. ಕೋಲಾರದ ಗಣಿಗೆ ಶಿವನಸಮುದ್ರದ ಕರೆಂಟು ಹರಿದದ್ದು 1902ರಲ್ಲಿ, ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಎರಡನ್ನೂ ಅವರು ಕಣ್ಣಾರೆ ಕಾಣಲಿಲ್ಲ. ಕಬ್ಬನ್ ಪಾರ್ಕಿನಲ್ಲಿ 1913ರಲ್ಲಿ ಅವರ ಪ್ರತಿಮೆ ನಿಂತಿತು. ಹಿಂದಿನ ಕೆಂಪು ಕಟ್ಟಡ ಅವರ ಸ್ಮಾರಕ ಭವನ, ಅದೇ ಕೇಂದ್ರ ಗ್ರಂಥಾಲಯ.

ಬೇರೆ ಗಲ್ಲಾಪೆಟ್ಟಿಗೆ

ಅವರ ನಂತರ ಬಂದವರು ಒಂದು ಪಾಠ ಕಲಿತರು. ಊರು ಸುಧಾರಣೆಯ ದುಡ್ಡನ್ನು ಎಲ್ಲ ಖರ್ಚಿನ ಜೊತೆ ಒಂದೇ ಪೆಟ್ಟಿಗೆಯಲ್ಲಿ ಇಟ್ಟರೆ, ತುರ್ತು ಬಂದಾಗ ಮೊದಲು ಖಾಲಿಯಾಗುವುದು ಅದೇ. ಬೊಂಬಾಯಿಯವರು ಪ್ಲೇಗಿನ ಏಟು ತಿಂದು 1898ರಲ್ಲಿ ಇದಕ್ಕೆಂದೇ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿದ್ದರು. ಮೈಸೂರು ನಗರಕ್ಕೆ 1903ರಲ್ಲಿ ಅಂಥದೇ ಟ್ರಸ್ಟ್ ಬೋರ್ಡ್ ಬಂತು. ಜಮೀನು ಕೊಳ್ಳುವುದು, ರಸ್ತೆ ಚರಂಡಿ ಮಾಡುವುದು, ಸೈಟು ಮಾರುವುದು, ಬಂದ ದುಡ್ಡನ್ನು ಮುಂದಿನ ಬಡಾವಣೆಗೆ ಹಾಕುವುದು ಅದರ ಕೆಲಸ. ಬೇರೆ ಗಲ್ಲಾಪೆಟ್ಟಿಗೆ, ಬೇರೆ ಖಾತೆ ಪುಸ್ತಕ. ಪ್ಲೇಗಿನಲ್ಲಿ ಬೆಂದ ಬೆಂಗಳೂರಿಗೆ ಇಂಥ ಬೋರ್ಡು ಬರಲು 1945ರವರೆಗೆ ಕಾಯಬೇಕಾಯಿತು. 1961ರಲ್ಲಿ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1976ರಲ್ಲಿ ಬೆಂಗಳೂರಿಗೆ ಅಭಿವೃದ್ಧಿ ಪ್ರಾಧಿಕಾರ, 1987ರ ಕಾಯ್ದೆಯ ಮೇಲೆ ಜಿಲ್ಲಾ ಕೇಂದ್ರಗಳಿಗೂ ನಗರಾಭಿವೃದ್ಧಿ ಪ್ರಾಧಿಕಾರ. ಹೀಗೆ ಸಾಲು ಬೆಳೆಯಿತು.

ಕಾಯ್ದೆ ಬೆಳೆದ ಹಾಗೆ ಅದನ್ನು ನಡೆಸುವ ದುಡ್ಡು, ಜನ ಬೆಳೆದರೇ ಅನ್ನುವುದು ಬೇರೆ ಪ್ರಶ್ನೆ. ಮಲ್ಲೇಶ್ವರದ ಹಿಂದಿನ ಓಣಿಗಳನ್ನೇ ನೋಡಿದರೆ ಸಾಕು. ನಕ್ಷೆಯಲ್ಲಿ ಬಿಟ್ಟ ಜಾಗ, ನೋಡಿಕೊಳ್ಳುವವರಿಲ್ಲದೆ ಎಷ್ಟೋ ಕಡೆ ಒತ್ತುವರಿಯಾಯಿತು. ಗೆರೆ ಎಳೆಯಲು ಒಂದು ಸಲ ದುಡ್ಡು ಇಟ್ಟರೆ ಮುಗಿಯಲಿಲ್ಲ, ಆ ಗೆರೆ ಕಾಯಲು ವರ್ಷ ವರ್ಷವೂ ಇಡಬೇಕು.

ಶೇಷಾದ್ರಿ ಅಯ್ಯರ್ ಲೆಕ್ಕದಲ್ಲಿ ಗಟ್ಟಿಗರು. ಲಾಭದ ಕೆಲಸಕ್ಕೆ ಮೊದಲು ಹಾಕಿದ್ದರಿಂದಲೇ ಬಡಾವಣೆಗೆ ಬಂಡವಾಳ ಉಳಿಯಿತು. ಲಾಭವಿಲ್ಲದ ಚರಂಡಿ, ಓಣಿಯನ್ನು ಹಿಂದಕ್ಕೆ ಹಾಕಿದ್ದರಿಂದ ಪೇಟೆ ಬೆಲೆ ಕಟ್ಟಿತು. ಎರಡೂ ಒಬ್ಬರೇ ಮನುಷ್ಯರ ಪುಸ್ತಕದಲ್ಲಿರುವ ಬಾಬುಗಳು. ಮುಂದಿನ ಸಲ ಪುರಪಿತೃಗಳು ಬಜೆಟ್ ಮಂಡಿಸಿದಾಗ ವರ್ತಕರು, ಬಾಡಿಗೆದಾರರು ಕೇಳಬೇಕಾದ್ದು ಹೊಸ ಬಡಾವಣೆ ಎಷ್ಟು ಅನ್ನುವುದನ್ನು ಮಾತ್ರವಲ್ಲ. ಹಳೇ ಪೇಟೆಯ ಚರಂಡಿಗೆ ಎಷ್ಟು ಇಟ್ಟಿದ್ದೀರಿ, ಇಟ್ಟ ದುಡ್ಡು ಆ ಬಾಬಿಗೇ ಖರ್ಚಾಯಿತೇ ಅಂತಲೂ ಕೇಳಬೇಕು. ಶೇಷಾದ್ರಿ ಅಯ್ಯರ್ ಕಾಲದ ಜನಕ್ಕೆ ಆ ಹಕ್ಕು ಇರಲಿಲ್ಲ. ಈಗ ಇದೆ.